ಹವಳದ ಜಾತಕ ಕೇಳುವವರು ಯಾರು?

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹವಳದ ಉಂಗುರ ಕೊಳ್ಳಲು ಹೋದವರು ಅಂಗಡಿಯವರನ್ನು ಮೊದಲು ಕೇಳುವುದು ‘ಇದು ಅಸಲಿಯೇ?’ ಎಂದು. ಕುಜದೋಷದ ಪರಿಹಾರಕ್ಕೆಂದು ಧರಿಸುವ ಒಂದು ಕೆಂಪು ಮಣಿಯ ತೂಕ, ಬಣ್ಣ, ಮೂಲ ಎಲ್ಲವನ್ನೂ ಕೆದಕಿ ವಿಚಾರಿಸುತ್ತೇವೆ. ಹವಳದ ಕುಲಕ್ಕೇ ಸೇರಿದ ಜೀವಿಯೊಂದು ಉಸಿರಾಡುತ್ತಲೇ ನಮ್ಮ ಮನೆಯ ಗಾಜಿನ ತೊಟ್ಟಿಗೆ ಬಂದಿಳಿದಾಗ ಮಾತ್ರ ಯಾರೂ ಏನನ್ನೂ ಕೇಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಭದ್ರಾವತಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. (ಬೀದಿಯ ಹೆಸರು ಬೇಡ, ಕಾರಣ ಮುಂದೆ ತಿಳಿಯುತ್ತದೆ.) ಪಡಸಾಲೆಯಲ್ಲಿ ಮೂರಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ. ಸಮುದ್ರದಿಂದ ಬಹು ದೂರದ ಊರಿನಲ್ಲಿ ಆತ ಉಪ್ಪನ್ನು ಅಳೆದು ಬೆರೆಸಿ, ನೀರಿನ ಬಿಸಿಯನ್ನು ಹತೋಟಿಯಲ್ಲಿಟ್ಟು ಒಂದು ಅಂಗೈಯಗಲದ ಕಡಲನ್ನು ಸಾಕುತ್ತಿದ್ದ. ಬೆಂಗಳೂರಿನ ಹವ್ಯಾಸಿಯೊಬ್ಬನಿಂದ ಕೊಂಡ ಎರಡು ಹವಳದ ತುಣುಕುಗಳು ಥರ್ಮೋಕೋಲ್ ಡಬ್ಬಿಯಲ್ಲಿ, ರಾತ್ರಿ ಬಸ್ಸಿನ ಲಗೇಜಿನ ನಡುವೆ ಬಂದಿದ್ದವು. ನಾನು ನೋಡುವ ಹೊತ್ತಿಗೆ ಒಂದು ತುಣುಕು ಸುಣ್ಣದ ಕಡ್ಡಿಯಂತೆ ಬಿಳಿಚಿತ್ತು. ಪೊಟ್ಟಣ ಬಿಚ್ಚಿದ ಎರಡು ಗಂಟೆಯೊಳಗೆ ಚಿತ್ರ ಕಳಿಸಿದ್ದರೆ ಮಾತ್ರ ಹಣ ವಾಪಸು ಎಂಬುದು ಮಾರಿದವನ ಉತ್ತರ. ‘ಎಲ್ಲಿಯದಪ್ಪಾ ಇದು?’ ಎಂದೆ. ‘ಇಂಡೋನೇಷ್ಯಾದ್ದಂತೆ ಸರ್’ ಎಂದ. ರಸೀದಿ? ಇಲ್ಲ. ಆಮದಿನ ಪತ್ರ? ಅಂಥದೊಂದು ಇರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಹವಳ ಸಾಕುವವರ ಬಳಗದಲ್ಲಿ ಗುಣಮಟ್ಟದ ಮಾತು ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದೆಲ್ಲ ಬಣ್ಣ, ಗಾತ್ರ, ಬೆಲೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಡುನೀಲಿ ಎಲ್‌ಇಡಿ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕೆಂಡದಂತೆ ಹೊಳೆಯುವ ಹವಳ, ಮನೆಯ ಬೆಳಕಿನಲ್ಲಿ ಮಂಕು ಕಂದು ಬಣ್ಣಕ್ಕೆ ತಿರುಗುವುದು ಕೊಂಡವರಿಗೆಲ್ಲ ತಿಳಿದ ಸಂಗತಿ. ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ತುಣುಕನ್ನು ತೊಟ್ಟಿಯಲ್ಲೇ ಬೆಳೆದ ತಾಯಿಹವಳದಿಂದ ಕತ್ತರಿಸಿದ್ದೋ, ಕಡಲ ದಿಬ್ಬದಿಂದ ಮುರಿದು ತಂದದ್ದೋ? ಕತ್ತರಿಸಿ ಎಷ್ಟು ದಿನವಾಯಿತು, ಗಾಯ ಮಾಗಿ ತಳಕ್ಕೆ ಅಂಟಿಕೊಂಡಿದೆಯೇ? ಹವಳವನ್ನು ತಿನ್ನುವ ಚಪ್ಪಟೆ ಹುಳುಗಳಿಗಾಗಿ ಬೇರೆ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿದ್ದಾರೆಯೇ? ಗುಂಡುಬಂಡೆಯಂತೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆದರೆ ಹೆಚ್ಚು. ಕಡಲಿನಿಂದ ಮುರಿದ ಒಂದು ಹಿಡಿಯ ಹಿಂದೆ ಎಷ್ಟು ವರ್ಷಗಳಿವೆ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಈ ಪ್ರಶ್ನೆಗಳನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳದಿರಲು ಕಾರಣವಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷಗಳ ಸೆರೆವಾಸ. ಮೆದುಹವಳಗಳಲ್ಲಿ ಹಲವು ಈ ಪಟ್ಟಿಯಲ್ಲಿಲ್ಲ. ಎರಡರ ನಡುವಿನ ಈ ಮಸುಕಿನಲ್ಲೇ ವ್ಯಾಪಾರ ನಡೆಯುತ್ತದೆ. ‘ವಿದೇಶದ್ದು’ ಎಂಬ ಒಂದು ಮಾತು ಸಾಲದು. ಕಲ್ಲುಹವಳಗಳೆಲ್ಲ ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದ್ದು, ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ. ಇಪ್ಪತ್ತರ ಹರೆಯದ ಹುಡುಗರು ತಮ್ಮ ಪಡಸಾಲೆಯಲ್ಲಿ ಇಷ್ಟು ದೊಡ್ಡ ಅಪಾಯವನ್ನು ದೀಪ ಹಚ್ಚಿ ಇಟ್ಟುಕೊಂಡಿದ್ದಾರೆ, ಅದೂ ಅರಿವಿಲ್ಲದೆ.

ನಿಷೇಧ ತಪ್ಪೆಂದು ನಾನು ಹೇಳುವುದಿಲ್ಲ. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ನಮ್ಮ ರಾಜ್ಯದ ಪಾಲಿಗೆ ಬಂದಿರುವ ಅತ್ಯಲ್ಪ ಸಂಪತ್ತು. ಅದನ್ನು ಮುರಿದು ಮಾರಲು ಯಾವ ಕಾರಣಕ್ಕೂ ಬಿಡಬಾರದು. ನನ್ನ ತಕರಾರು ಇರುವುದು ನಿಷೇಧವನ್ನು ಕಾಗದದಲ್ಲಿಟ್ಟು ವ್ಯಾಪಾರವನ್ನು ಕತ್ತಲಿಗೆ ಬಿಟ್ಟಿರುವುದರ ಬಗ್ಗೆ. ಬಹಿರಂಗವಾಗಿ ಒಪ್ಪಿಕೊಳ್ಳಲಾಗದ ಸರಕಿಗೆ ಗುಣಮಟ್ಟ ಬರೆಯುವುದು ಸಾಧ್ಯವೇ ಇಲ್ಲ. ಮೋಸ ಹೋದವನು ಗ್ರಾಹಕ ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಮೊದಲು ತಾನೇ ಸಿಕ್ಕಿಬೀಳುತ್ತಾನೆ. ಮಾರುವವನಿಗೆ ಇದಕ್ಕಿಂತ ಅನುಕೂಲದ ಏರ್ಪಾಡು ಇನ್ನೇನು ಬೇಕು?

ಬೆಳಕಿನಲ್ಲಿ ನಡೆದ ಪ್ರಯತ್ನಗಳೂ ಸುಲಭವಾಗಿರಲಿಲ್ಲ, ನಿಜ. 1998ರಲ್ಲಿ ಹುಟ್ಟಿದ ಮೆರೈನ್ ಅಕ್ವೇರಿಯಂ ಕೌನ್ಸಿಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ, ಹಿಡಿಯುವವನಿಂದ ಅಂಗಡಿಯವರೆಗೆ ಪ್ರತಿ ಹಂತದಲ್ಲೂ ಸಾವಿನ ಪ್ರಮಾಣ ಶೇ 1ರ ಆಸುಪಾಸು ಮೀರಬಾರದೆಂಬ ಕಟ್ಟುನಿಟ್ಟಿನ ಮಾನದಂಡ ತಂದಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದು ಸೊರಗಿತು. ಇಂಡೋನೇಷ್ಯಾ 2018ರಲ್ಲಿ ಹವಳದ ರಫ್ತನ್ನೇ ನಿಲ್ಲಿಸಿ, 2020ರಲ್ಲಿ ಸಾಕಿ ಬೆಳೆಸಿದ ಹವಳಕ್ಕೆ ಮತ್ತೆ ಬಾಗಿಲು ತೆರೆಯಿತು. ಕಡಲಿನದನ್ನೂ ಸಾಕಿದ್ದನ್ನೂ ಬೇರ್ಪಡಿಸಿ ನೋಡುವ ಆ ದೃಷ್ಟಿ ನಮ್ಮ ಕಾನೂನಿಗೂ ಬೇಕಾಗಿದೆ. ನಮ್ಮಲ್ಲಾದರೋ ಕೇಂದ್ರ ಸರ್ಕಾರ 2017ರಲ್ಲಿ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ರೂಪಿಸಿ, 158 ಮೀನುಗಳ ಪಟ್ಟಿ ಹಿಡಿದು ಬಂದಿತು. ಗದ್ದಲವೆದ್ದೊಡನೆ ಅದನ್ನು ಹಿಂಪಡೆಯಿತು. ಮರುವರ್ಷ ಬಂದ ಸಾಕುಪ್ರಾಣಿ ಅಂಗಡಿಗಳ ನಿಯಮಗಳಲ್ಲಿ ನಾಯಿ, ಬೆಕ್ಕು, ಮೊಲ, ಇಲಿ, ಹಕ್ಕಿಗಳಿವೆ. ಮೀನಿನ ಹೆಸರಿಲ್ಲ.

ಹಾಗೆಂದು ಅರಿವಿಲ್ಲದ ನಿಯಮವೂ ಬೇಡ. ‘ಮಿಸ್ ಕೇರಳ’ ಎಂದು ಹೆಸರಾದ ಕೆಂಪುಗೀರಿನ ಮೀನನ್ನು ಪಶ್ಚಿಮಘಟ್ಟದ ಹೊಳೆಗಳಿಂದ ಬರಿದುಮಾಡಿದಾಗ ಕೇರಳ ಸರ್ಕಾರ 2008ರಲ್ಲಿ ಹಿಡಿಯಬಾರದ ತಿಂಗಳುಗಳನ್ನು ಗೊತ್ತುಮಾಡಿತು. ಆ ಮೀನು ಮೊಟ್ಟೆಯಿಡುವ ಕಾಲಕ್ಕೂ ಆ ತಿಂಗಳುಗಳಿಗೂ ತಾಳೆಯಾಗುತ್ತಿರಲಿಲ್ಲ ಎಂಬುದನ್ನು ಸಂಶೋಧಕರು ಆಮೇಲೆ ತೋರಿಸಿಕೊಟ್ಟರು.

ನಮ್ಮ ಜಿಲ್ಲೆಗೆ ಮೀನಿನ ವಿಷಯದಲ್ಲಿ ಒಂದು ಸಂಸ್ಕಾರವಿದೆ. ತೀರ್ಥಹಳ್ಳಿಯ ಸಮೀಪದ ಚಿಬ್ಬಲಗುದ್ದೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕುವವರುಂಟು, ಗಾಳ ಹಾಕುವವರಿಲ್ಲ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಅದರ ಮಗ್ಗುಲಿಗೇ ಭದ್ರಾ ಜಲಾಶಯ. ಪ್ರಾಣಿಶಾಸ್ತ್ರ ಬಲ್ಲವರು, ಮೀನುಗಾರಿಕೆ ಇಲಾಖೆಯವರು ಮತ್ತು ಎರಡೂ ಊರುಗಳ ಹವ್ಯಾಸಿಗಳು ಒಂದು ಭಾನುವಾರ ಕುಳಿತರೆ, ಸಿಹಿನೀರಿನ ಮೀನು ಮಾರುವವರಿಗಾದರೂ ಒಂದು ಪುಟದ ನಿಯಮಾವಳಿ ಸಿದ್ಧವಾದೀತು: ಎಲ್ಲಿ ಹುಟ್ಟಿದ್ದು, ಎಷ್ಟು ದಿನ ಪ್ರತ್ಯೇಕವಾಗಿಟ್ಟದ್ದು, ಪೂರ್ತಿ ಬೆಳೆದಾಗ ಎಷ್ಟುದ್ದವಾಗುತ್ತದೆ, ಬೇಡವಾದಾಗ ಯಾರಿಗೆ ಹಿಂತಿರುಗಿಸಬೇಕು. ಕೊನೆಯದನ್ನು ಒತ್ತಿ ಹೇಳುತ್ತೇನೆ. ಗಾಜಿನ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ದೊಡ್ಡದಾಯಿತೆಂದು ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂದೇ ಹಲವರು ತಿಳಿದಿದ್ದಾರೆ. ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಹಾಗೆಯೇ ಬೇರೂರಿದೆ. ಕಲ್ಲುಹವಳದ ಮಟ್ಟಿಗೆ ಸದ್ಯಕ್ಕೆ ಇರಬಹುದಾದ ನಿಯಮ ಒಂದೇ: ಕಾನೂನು ದಾರಿ ಮಾಡಿಕೊಡುವವರೆಗೆ ಕೊಳ್ಳಬಾರದು. ಆ ದಾರಿಯನ್ನು ಹವ್ಯಾಸಿಗಳು ಅರ್ಜಿ ಬರೆದು ಕೇಳಲಿ.

ಇದನ್ನೆಲ್ಲ ನನ್ನ ವಿದ್ಯಾರ್ಥಿಗೆ ಹೇಳಿದೆ. ಅವನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದಿದ್ದ ಇನ್ನೊಂದು ತುಣುಕನ್ನು ತೋರಿಸಿದ. ಅದು ಬದುಕಿತ್ತು, ಸಂಜೆಯಾಗುತ್ತಲೇ ಕೂದಲೆಳೆಯಂಥ ಬೆರಳುಗಳನ್ನು ಬಿಚ್ಚತೊಡಗಿತ್ತು. ‘ಇದನ್ನ ಅರಣ್ಯ ಇಲಾಖೆಗೆ ಒಪ್ಪಿಸಿದ್ರೆ ಎಲ್ಲಿಡ್ತಾರೆ ಸರ್?’ ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ.