ಝಿಂಕ್ ಗುಳಿಗಿ ನುಂಗಿ ಎದಿನೋವು ಮರೀಬ್ಯಾಡ್ರಿ

ಅಕ್ಕಾರ, ವೈನಿಯವರ, ಈ ಸಲ ಅಡಗಿ ಬಿಟ್ಟು ಒಂದ್ ಗುಳಿಗಿ ಬಗ್ಗೆ ಬರ್ಯಾಕತ್ತೀನಿ. "ಮೈಯಾಗ ಝಿಂಕ್ ಕಮ್ಮಿ ಆದ್ರ ಹಾರ್ಟ್ ಅಟ್ಯಾಕ್ ಆಗತೈತಿ, ದಿನಾ ಒಂದ್ ಗುಳಿಗಿ ನುಂಗ್ರಿ" ಅನ್ನೋ ಮೆಸೇಜು ನಮ್ಮ ಬಳಗದಾಗ ಎಲ್ಲಾರ ಫೋನಿಗೂ ಬಂದೈತಿ.

ಸವದತ್ತಿಯ ನಮ್ಮ ಸಣ್ಣತ್ತಿ ಅದನ್ನ ನಂಬಿದ್ರು. ಝಿಂಕ್ ಚಾಲೂ ಮಾಡಿ ಬಿಪಿ ಗುಳಿಗಿ ಬಿಟ್ರು. ಎರಡ ತಿಂಗಳಾದ ಮ್ಯಾಲೆ ಒಂದಿನ ಮುಂಜಾನೆ ರೊಟ್ಟಿ ಬಡಿಯೂ ಮುಂದ ಬೆನ್ನು, ದವಡಿ ನೋಯಾಕತ್ತು, ಮೈಯೆಲ್ಲಾ ಬೆವತು. "ಪಿತ್ತ ಆಗಿರಬೇಕು" ಅಂತ ಸೋಡಾ ಕುಡದು ಮಲಗಿದ್ರು. ದವಾಖಾನಿ ಮುಟ್ಟಿದ್ದು ಸಂಜಿಗೆ. ಜೀವ ಉಳೀತು, ಆದ್ರ ಈಗ ನಾಕ್ ಮೆಟ್ಟಲಾ ಹತ್ತಿದ್ರ ತೇಕತಾರ.

ಝಿಂಕ್ ಬ್ಯಾಡ ಅಂತ ನಾ ಅನ್ನಂಗಿಲ್ಲ. ನಮ್ಮ ರಾಜ್ಯದ ಹೊಲಗಳಾಗ ಝಿಂಕ್ ಕೊರತಿ ಐತಿ ಅಂತ 2009ರಾಗ ಚಾಲೂ ಆದ ಭೂಚೇತನ ಯೋಜನೆಯ ಮಣ್ಣಿನ ಪರೀಕ್ಷಿನ ಹೇಳಿತ್ತು. ಕೂಸಿಗೆ ಭೇದಿ ಆದ್ರ ಆಶಾ ಕಾರ್ಯಕರ್ತೆಯರು ಓಆರ್‌ಎಸ್ ಜೋಡಿ 14 ದಿನದ ಝಿಂಕ್ ಗುಳಿಗಿ ಕೊಡತಾರ. ಅದು ಖಾತ್ರಿ ಔಷಧ, ಅರ್ಧಕ್ಕ ಬಿಡಬಾರದು. ಐಸಿಎಂಆರ್ 2020ರ ಲೆಕ್ಕದಾಗ ನಮ್ಮಂಥ ಹೆಣ್ಮಕ್ಕಳಿಗೆ ದಿನಕ್ಕ 13.2 ಮಿಲಿಗ್ರಾಂ ಝಿಂಕ್ ಬೇಕು.

ಆದ್ರ ಹಾರ್ಟಿನ ಮಾತು ಬ್ಯಾರೆ. ಹಾರ್ಟ್ ಅಟ್ಯಾಕ್ ಆದವರ ರಕ್ತದಾಗ ಝಿಂಕ್ ಕಮ್ಮಿ ಕಂಡಿದ್ದು ಖರೆ. ಆದ್ರ ಅಟ್ಯಾಕ್ ಆದಾಗ ಮೈ ತಾನ ರಕ್ತದಾಗಿನ ಝಿಂಕನ್ನ ಲಿವರಿಗೆ ಎಳಕೊಳ್ಳತೈತಿ. ಬೀಗರು ಉಂಡು ಹೋದ ಮ್ಯಾಲೆ ಹಿಟ್ಟಿನ ಡಬ್ಬಿ ಖಾಲಿ ಇತ್ತು ಅಂದ್ರ, ಡಬ್ಬಿ ಖಾಲಿ ಇದ್ದದ್ದಕ್ಕನ ಬೀಗರು ಬಂದ್ರು ಅನ್ನಾಕ ಬರತೈತೇನು? ಝಿಂಕ್ ನುಂಗಿದ್ರ ಅಟ್ಯಾಕ್ ತಪ್ಪತೈತಿ ಅಂತ ಸಿದ್ಧ ಆಗಿಲ್ಲ. ಬಿಪಿ, ಸಕ್ಕರಿ ಕಾಯಿಲೆ, ತಂಬಾಕು, ಕೊಲೆಸ್ಟ್ರಾಲ್ ಇವು ಮಾತ್ರ ಸಿದ್ಧ ಆದ ಕಾರಣ. ಮತ್ತ ಅತಿ ಝಿಂಕ್ ಬಹಳ ದಿನ ನುಂಗಿದ್ರ ಮೈಯಾಗಿನ ತಾಮ್ರ ಇಳದು ರಕ್ತಾನೂ ಕಮ್ಮಿ ಆಗತೈತಿ.

ಝಿಂಕ್ ಬೇಕಂದ್ರ ಅಡಗಿಮನಿಯಾಗನ ಐತಿ: ಎಳ್ಳು, ಶೇಂಗಾ, ಕಡ್ಲಿ, ಕುಂಬಳ ಬೀಜ, ಮೊಸರು, ತಿನ್ನೋರಿಗೆ ತತ್ತಿ, ಮಾಂಸ. ಜ್ವಾಳ, ಕಾಳಿನ್ಯಾಗೂ ಐತಿ, ಆದ್ರ ಅವುಗಳೊಳಗಿನ ಫೈಟೇಟ್ ಅದನ್ನ ಹಿಡಕೊಂಡು ಮೈಗೆ ಹತ್ತಗೊಡಂಗಿಲ್ಲ. ಕಾಳು ನೆನಿ ಇಟ್ಟು ಮೊಳಕಿ ಬರಿಸಿದ್ರ, ಹಿಟ್ಟು ಹುಳಿ ಬರಿಸಿದ್ರ ಫೈಟೇಟ್ ಇಳೀತೈತಿ. ನಮ್ಮ ಅವ್ವ ಮಡಕಿಕಾಳು ಅರಿವ್ಯಾಗ ಕಟ್ಟಿ ಇಡತಿದ್ಲಲ್ಲ, ಅದ ಕೆಲಸ.

ನನಗ ಕಾಡೋದು ಒಂದ ಮಾತು. ನಾವು ಈ ಗುಳಿಗಿ ಯಾಕ ನಂಬತೀವಿ? ಅದನ್ನ ನುಂಗಾಕ ಯಾರನ್ನೂ ಕೇಳಬೇಕಾಗಿಲ್ಲ. ಹೊಲದ ಕೆಲಸ ಬಿಡಿಸಿ ಯಾರನ್ನೂ ಕರಕೊಂಡು ಹೋಗಬೇಕಾಗಿಲ್ಲ. ಸಣ್ಣತ್ತಿನೂ ಆವತ್ತು "ಎಲ್ಲಾರಿಗೂ ಯಾಕ ತ್ರಾಸ" ಅಂತನ ಸುಮ್ಮನ ಮಲಗಿದ್ರು. ನಮ್ಮ ಹೆಣ್ಮಕ್ಕಳ ಜೀವ ತಗಿಯೋದು ಈ ಸಂಕೋಚ.

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ಕ್ಕ ತೀರಿಕೊಂಡ ಮ್ಯಾಲೆ ಅವರ ಹೆಸರಿಲೆ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದೈತಿ. ಸರ್ಕಾರಿ ದವಾಖಾನ್ಯಾಗ ಇಸಿಜಿ ತಗದು, ದೊಡ್ಡ ಡಾಕ್ಟರ್ ಅದನ್ನ ದೂರದಿಂದನ ನೋಡಿ, ಬೇಕಾದವರಿಗೆ ರಕ್ತದ ಗಡ್ಡಿ ಕರಗಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡತಾರ. ಎಷ್ಟ ಲಗೂ ಬಿದ್ದರ ಅಷ್ಟ ಹಾರ್ಟ್ ಉಳೀತೈತಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಿಮ್ಮೂರಿಗೆ ಹತ್ತಿರದ ಯಾವ ದವಾಖಾನ್ಯಾಗ ಇದು ಸಿಗತೈತಿ ಅಂತ ಈಗನ ಕೇಳಿ ಇಟಗೊಳ್ರಿ.

ಎದಿ, ಬೆನ್ನು, ದವಡಿ, ಎಡಗೈ ನೋಯಾಕತ್ತಿ ಬೆವರು, ದಮ್ಮು, ಓಕರಿಕಿ ಬಂದ್ರ ಪಿತ್ತ ಅನ್ನಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ರೊಟ್ಟಿ ಹಂಚಿನ ಮ್ಯಾಲೆ ಹತ್ತಿದ್ರ ಹತ್ತವಲ್ಲದ್ಯಾಕ. ಡಾಕ್ಟರ್ ಬಿಡು ಅನ್ನೋತನಾ ಬಿಪಿ ಗುಳಿಗಿ ಬಿಡಬ್ಯಾಡ್ರಿ. ಇದನ್ನ ಓದಿ ನಿಮ್ಮ ಅತ್ತಿಯವರಿಗೂ ಹೇಳ್ರಿ.