ಬ್ಯಾಟ್ರಿಯ ಜಮಾ-ಖರ್ಚು

ನಮ್ಮ ಪಾಲಬಾವಿ ಕಡೆ ಟಾರ್ಚಿಗೆ ‘ಬ್ಯಾಟ್ರಿ’ ಅಂತಲೇ ಹೆಸರು. ಪಟ್ಟಣದ ಮಕ್ಕಳು ಕೇಳಿದರೆ ನಗುತ್ತಾರೆ. ನನಗೇನೋ ಹಳ್ಳಿಯವರು ಇಟ್ಟ ಹೆಸರೇ ಸರಿ ಅನಿಸುತ್ತದೆ. ಹಿಂದೆ ಟಾರ್ಚಿನಲ್ಲಿ ಬಲ್ಬಿನ ತಂತಿ ಸುಟ್ಟುಹೋಗುತ್ತಿತ್ತು. ಅದಕ್ಕೇ ಹಿಂದಿನ ಮುಚ್ಚಳದೊಳಗೆ ಇನ್ನೊಂದು ಬಲ್ಬ್ ಇಟ್ಟಿರುತ್ತಿದ್ದರು. ಈಗಿನ ಎಲ್‌ಇಡಿ ಸಾವಿರಾರು ತಾಸು ಉರಿಯುತ್ತದೆ. ಮೊದಲು ಕೈಕೊಡುವುದು ಒಳಗಿನ ಬ್ಯಾಟರಿ.

ಕಬ್ಬಿಗೆ ನೀರು ಹಾಯಿಸುವವರಿಗೆ ಇದು ಸಣ್ಣ ಮಾತಲ್ಲ. ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಬರುತ್ತದೆ. ಬದುವಿನ ಮೇಲೆ ಕಾಲಿಡುವ ಮೊದಲು ಹಾವಿದೆಯೋ ನೋಡಬೇಕು. ಆಗಲೇ ದೀಪ ಮಿಣಮಿಣ ಅಂದು ಆರಿದರೆ, ಅಗ್ಗಕ್ಕೆ ಸಿಕ್ಕಿತ್ತು ಎಂಬ ಸಮಾಧಾನ ಯಾವ ಕೆಲಸಕ್ಕೂ ಬರುವುದಿಲ್ಲ.

ಸಂತೆಯಲ್ಲಿ ಸಿಗುವ ಅಗ್ಗದ ಚಾರ್ಜಿಂಗ್ ಬ್ಯಾಟ್ರಿಗಳಲ್ಲಿ ಎಷ್ಟೋ ಸಲ 4 ವೋಲ್ಟಿನ ಸೀಸ-ಆಮ್ಲದ ಪುಟ್ಟ ಡಬ್ಬಿ ಇರುತ್ತದೆ. ಟ್ರ್ಯಾಕ್ಟರ್ ಬ್ಯಾಟರಿಯ ಮರಿ ಅನ್ನಿ. ಇದಕ್ಕೆ ಉಪವಾಸ ಆಗದು. ಖಾಲಿಯಾದದ್ದನ್ನು ತಿಂಗಳುಗಟ್ಟಲೆ ಮೂಲೆಗಿಟ್ಟರೆ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂತು, ಮತ್ತೆ ಚಾರ್ಜು ಹಿಡಿಯುವುದಿಲ್ಲ. ಅತಿ ಊಟವೂ ಆಗದು. ಅಗ್ಗದವುಗಳಲ್ಲಿ ಚಾರ್ಜು ತಾನಾಗಿ ನಿಲ್ಲುವ ವ್ಯವಸ್ಥೆ ಅಪರೂಪ. ಎರಡು ದಿನ ಪ್ಲಗ್ಗಿನಲ್ಲೇ ಬಿಟ್ಟರೆ ಒಳಗಿನ ನೀರಿನಂಶ ಒಣಗುತ್ತದೆ. ಮಕ್ಕಳೇ, ಪ್ಲಗ್ಗಿನಲ್ಲಿದ್ದಾಗ ಅದರ ಮೈ ಬಿಚ್ಚಲೇಬೇಡಿ, ಮನೆಯ 230 ವೋಲ್ಟು ನೇರ ಒಳಗೆ ಬಂದಿರಬಹುದು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಲೆಕ್ಕ ಬಿಡುವುದಿಲ್ಲ. 200 ರೂಪಾಯಿಯ ಬ್ಯಾಟ್ರಿ ಆರು ತಿಂಗಳಿಗೆ ಸತ್ತರೆ ಒಂದು ರಾತ್ರಿಗೆ ಸುಮಾರು 1 ರೂಪಾಯಿ 10 ಪೈಸೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜು ಮಾಡಿ, ಮೂರು ವರ್ಷ ಬಾಳಿಸಿದಿರೋ, ರಾತ್ರಿಗೆ 18 ಪೈಸೆ! ಕೊಳ್ಳುವಾಗ ಒಂದೇ ಮಾತು ಕೇಳಿ: ಒಳಗಿನ ಬ್ಯಾಟರಿ ಬದಲಿಸಲು ಬರುತ್ತದೆಯೇ? ಬರುವುದಿದ್ದರೆ ಐವತ್ತು ರೂಪಾಯಿ ಹೆಚ್ಚಾದರೂ ಅದನ್ನೇ ತನ್ನಿ.

ಮೊನ್ನೆ ಮೊಮ್ಮಗ ಒಂದು ಲಿಥಿಯಂ ಸೆಲ್ ತಂದು ತೋರಿಸಿದ. “ಅಜ್ಜಾ, ಇದರ ಮ್ಯಾಲ 9900 ಎಂಎಎಚ್ ಅಂತ ಬರದೈತಿ. ಭಾಳ ಹೊತ್ತು ಉರೀತೈತೇನು?”

“ತಮ್ಮಾ, ಬರದಾವಗ ಶಾಯಿ ಖರ್ಚು ಅಷ್ಟ,” ಅಂದೆ. ಆ ಸೆಲ್ಲಿಗೆ 18650 ಅಂತ ಹೆಸರು. ಹೆಸರೇ ಅದರ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಷ್ಟು ಜಾಗದಲ್ಲಿ ಒಳ್ಳೆಯ ಕಂಪನಿಯವರೇ ಸಾಮಾನ್ಯವಾಗಿ 3500ರ ಆಸುಪಾಸು ತುಂಬುತ್ತಾರೆ. ಸೇರಿನಲ್ಲಿ ಮೂರು ಸೇರು ಜೋಳ ಹಿಡಿಸಿದಂತಾಯಿತು ಇವರ ಲೆಕ್ಕ.

ರೀಚಾರ್ಜ್ ಆಗುವ ನಿಕ್ಕಲ್ ಪೆನ್ಸಿಲ್ ಸೆಲ್ಲಿನ ವೋಲ್ಟು 1.2, ಮಾಮೂಲಿಯದ್ದು 1.5. ಹಾಗೆಂದು ಅದನ್ನು ದೂರಬೇಡಿ. ಮಾಮೂಲಿ ಸೆಲ್ಲಿನ ವೋಲ್ಟು ಬಳಸಿದಂತೆ ಇಳಿಯುತ್ತ ಹೋಗುತ್ತದೆ, ಇದರದು ಬಹಳ ಹೊತ್ತು ಒಂದೇ ಸಮ ಇರುತ್ತದೆ. ನೂರಾರು ಸಲ ತುಂಬಬಹುದು. ದಿನಾ ಉರಿಸುವ ಟಾರ್ಚಿಗೆ, ಮಕ್ಕಳ ಆಟಿಕೆಗೆ ಇದು ಲಾಭ.

ಚಿಕ್ಕವರಿದ್ದಾಗ ನಾವು ಸತ್ತ ಸೆಲ್ ಒಡೆದು ಇಂಗಾಲದ ಕಡ್ಡಿ ತೆಗೆದು ಗೋಡೆ ಮೇಲೆ ಬರೆಯುತ್ತಿದ್ದೆವು. ನೀವು ಮಾಡಬೇಡಿ. ಸೀಸ ವಿಷ, ಲಿಥಿಯಂ ಸೆಲ್ ಚುಚ್ಚಿದರೆ ಹೊತ್ತಿಕೊಳ್ಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯವನ್ನು ಮರುಬಳಕೆಗೆ ಸೇರಿಸುವ ಹೊಣೆ ತಯಾರಕರದೇ. ಬ್ಯಾಟರಿ ಅಂಗಡಿಯವನಿಗೆ ಕೇಳಿ ಕೊಟ್ಟುಬನ್ನಿ.

ಇನ್ನು ಗೋಡೆ ಗಡಿಯಾರ. ಅದು ವರ್ಷಕ್ಕೆ ಒಂದೇ ಸೆಲ್ ತಿನ್ನುವ ಮಿತಾಹಾರಿ. ಅದಕ್ಕೂ ರೀಚಾರ್ಜಿನದು ತಂದರೆ ಹಾಕಿದ ದುಡ್ಡು ಹುಟ್ಟುವಷ್ಟರಲ್ಲಿ ಮೊಮ್ಮಗ ಕಾಲೇಜು ಮುಗಿಸಿರುತ್ತಾನೆ.