ಎಸಿ ಕೊಟ್ಟರೂ ಡಕ್ಟ್ ಕೊಡಲ್ಲ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಗಾದೆ ಇದೆಯಲ್ಲ, ಅಮೆರಿಕದ ಕ್ಯಾಂಪರ್ ಟ್ರೇಲರ್‌ಗಳ ಬೆಡ್‌ರೂಮಿನ ಕಥೆ ಹೆಚ್ಚುಕಮ್ಮಿ ಅದೇ. ಚಾವಣಿ ಮೇಲೆ ಕೂತಿರೋ ಎಸಿ ಧಾರಾಳವಾಗಿ ತಂಪು ಮಾಡ್ತಾ ಇರುತ್ತೆ. ಆದರೆ ಮಂಚದ ಹತ್ತಿರ ಬರೋ ಹೊತ್ತಿಗೆ ಆ ಗಾಳಿಯಲ್ಲಿ ದಮ್ಮೇ ಇರಲ್ಲ. ಆಗ ಸುತ್ತ ಇರೋರು ಕೊಡೋ ಸಲಹೆ ಒಂದೇ: "ಈ ಎಸಿ ಸಾಲಲ್ಲ, ದೊಡ್ಡದು ಹಾಕ್ಸಿ." ಈ ಸಲಹೆ ಬಹಳ ಸಲ ತಪ್ಪು ಅನ್ನೋದು ನನ್ನ ವಾದ. ಮೆಷಿನ್ ದೊಡ್ಡದಾಗೋ ಮೊದಲು ಗಾಳಿಯ ದಾರಿ ಸರಿಯಾಗಬೇಕು. ಈ ಮಾತನ್ನ ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಕಲಿಯೋ ಲೆಕ್ಕದಿಂದಲೇ ತೋರಿಸಬಹುದು.

ಮೊದಲು, ಈ ಕ್ಯಾಂಪರ್ ಟ್ರೇಲರ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪಿಕಪ್ ಗಾಡಿಯ ಹಿಂದೆ ಕಟ್ಟಿಕೊಂಡು ಎಳೆದುಕೊಂಡು ಹೋಗೋ ಮನೆ ಅದು. ಒಳಗೆ ಅಡುಗೆಮನೆ, ಬಾತ್‌ರೂಮ್, ಸೋಫಾ, ಒಂದು ತುದಿಯಲ್ಲಿ ಬೆಡ್‌ರೂಮ್. ಅಮೆರಿಕದಲ್ಲಿ ಇವುಗಳ ತಯಾರಿಕೆಗೆ ಹೆಸರಾದ ಊರು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್. ಇವುಗಳಿಗಾಗಿಯೇ ಒಂದು ಮ್ಯೂಸಿಯಂ ಕೂಡ ಅಲ್ಲಿದೆ. ರಜೆಗೆ ನ್ಯಾಷನಲ್ ಪಾರ್ಕ್ ಸುತ್ತೋರು ಬಾಡಿಗೆಗೆ ತಗೊಳ್ತಾರೆ, ರಿಟೈರ್ ಆದವರು ಕೊಂಡುಕೊಳ್ತಾರೆ.

"ರಜೆಯಲ್ಲಿ ಎರಡು ರಾತ್ರಿ ಸೆಕೆಯಲ್ಲಿ ಮಲಗಿದ್ರೆ ಏನಾಗುತ್ತೆ?" ಅಂತ ನೀವು ಕೇಳಬಹುದು. ವಿಷಯ ಅಷ್ಟು ಹಗುರ ಅಲ್ಲ. ಮನೆ ಬಾಡಿಗೆ ಕಟ್ಟೋಕೆ ಆಗದೆ ವರ್ಷಪೂರ್ತಿ ಇಂಥ ಗಾಡಿಗಳಲ್ಲೇ ಬದುಕೋ ಜನ ಅಲ್ಲಿದ್ದಾರೆ. ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ "ನೋಮ್ಯಾಡ್‌ಲ್ಯಾಂಡ್" ಪುಸ್ತಕ, ಆಮೇಲೆ ಬಂದ ಅದೇ ಹೆಸರಿನ ಸಿನಿಮಾ, ಎರಡೂ ಇಂಥವರ ಬಗ್ಗೆನೇ. ಅರಿಜೋನಾದ ಫೀನಿಕ್ಸ್‌ನಲ್ಲಿ 2023ರ ಜೂನ್ ಕೊನೆಯಿಂದ ಜುಲೈ ಕೊನೆವರೆಗೆ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 43 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಅಂಥ ಊರಲ್ಲಿ ತೆಳು ಗೋಡೆಯ ಟ್ರೇಲರ್‌ನಲ್ಲಿ ವಯಸ್ಸಾದವರು ಮಲಗಿದ್ದಾರೆ ಅಂದ್ರೆ, ಬೆಡ್‌ರೂಮಿಗೆ ಗಾಳಿ ಬರೋದು ಜೀವದ ಪ್ರಶ್ನೆ.

ಈಗ ಎಸಿ ಹೇಗೆ ಕೂತಿರುತ್ತೆ ನೋಡೋಣ. ಚಾವಣಿಯಲ್ಲಿ 14 ಇಂಚು ಉದ್ದ, 14 ಇಂಚು ಅಗಲದ ಒಂದು ಚೌಕ ತೂತು. ಅದರ ಮೇಲೆ ಎಸಿ. ಸಾಮಾನ್ಯವಾಗಿ 13,500 ಅಥವಾ 15,000 ಬಿಟಿಯು ಸಾಮರ್ಥ್ಯದ್ದು. 13,500 ಬಿಟಿಯು ಅಂದ್ರೆ ಸುಮಾರು 4 ಕಿಲೋವಾಟ್, ನಮ್ಮ ಅಂಗಡಿಗಳ ಭಾಷೆಯಲ್ಲಿ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ಆ ಒಂದೇ ತೂತಿನ ಮೂಲಕ ರೂಮಿನ ಬಿಸಿ ಗಾಳಿ ಮೇಲೆ ಹೋಗಬೇಕು, ತಣ್ಣಗಿನ ಗಾಳಿ ಕೆಳಗೆ ಬರಬೇಕು. ಎರಡರ ಮಧ್ಯೆ ಒಂದು ತೆಳುವಾದ ಅಡ್ಡಗೋಡೆ. ಕೆಳಗೆ ಬಂದ ಗಾಳಿ ಪ್ಲೀನಮ್ ಅನ್ನೋ ಚಿಕ್ಕ ಪೆಟ್ಟಿಗೆಗೆ ಸೇರಿ, ಅಲ್ಲಿಂದ ಚಾವಣಿಯೊಳಗಿನ ಚಪ್ಪಟೆ ಡಕ್ಟ್‌ನಲ್ಲಿ ಆ ಕಡೆ ಈ ಕಡೆ ಹೊರಡುತ್ತೆ. ಎಸಿ ಇರೋದು ಹಾಲ್ ಮೇಲೆ, ಬೆಡ್‌ರೂಮ್ ಇರೋದು ಆ ತುದಿಗೆ. ನಮ್ಮ ಎಸಿ ಸ್ಲೀಪರ್ ಬಸ್ ನೆನಪು ಮಾಡಿಕೊಳ್ಳಿ. ಅದೂ ಚಕ್ರದ ಮೇಲಿನ ಉದ್ದನೆ ಡಬ್ಬಾನೇ. ಆದರೆ ಅಲ್ಲಿ ಪ್ರತಿ ಬರ್ತ್ ಹತ್ತಿರವೂ ಒಂದು ವೆಂಟ್ ಇರುತ್ತೆ, ಗಾಳಿ ಬರದಿದ್ರೆ ಪ್ಯಾಸೆಂಜರ್ ಕಂಡಕ್ಟರ್ ಹತ್ರ ಜಗಳಕ್ಕೆ ನಿಲ್ತಾರೆ. ಟ್ರೇಲರ್‌ನಲ್ಲಿ ಜಗಳಕ್ಕೆ ಯಾರೂ ಸಿಗಲ್ಲ.

ದಾರಿಯಲ್ಲಿ ಗಾಳಿ ಕಳೆದುಹೋಗೋ ಜಾಗ ಮುಖ್ಯವಾಗಿ ಮೂರು.

ಮೊದಲನೇದು ಪ್ಲೀನಮ್. ಆ ಅಡ್ಡಗೋಡೆಯ ಅಂಚಲ್ಲಿ ಸಂದಿ ಇದ್ರೆ ತಣ್ಣಗಿನ ಗಾಳಿ ರೂಮಿಗೆ ಹೋಗೋ ಬದಲು ನೇರ ರಿಟರ್ನ್ ಕಡೆಗೆ ನುಗ್ಗಿ ಮತ್ತೆ ಎಸಿಗೇ ವಾಪಸ್ ಹೋಗುತ್ತೆ. ಕರೆಂಟ್ ಬಿಲ್ ನಮ್ಮದು, ತಂಪು ಎಸಿಯದ್ದು! ಇನ್ನೊಂದಿಷ್ಟು ಗಾಳಿ ಚಾವಣಿಯೊಳಗಿನ ಖಾಲಿ ಜಾಗಕ್ಕೆ ಸೋರುತ್ತೆ. ತೂತು ಬಿದ್ದ ಕೊಡದಲ್ಲಿ ನೀರು ಹೊತ್ತ ಹಾಗೆ.

ಎರಡನೇದು ಡಕ್ಟ್‌ನ ಆಕಾರ. ಚಾವಣಿ ತೆಳು ಇರೋದ್ರಿಂದ ಡಕ್ಟ್ ಚಪ್ಪಟೆ ಆಗಲೇಬೇಕು. 25 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ ಅಂತ ಇಟ್ಕೊಳ್ಳಿ. ಹೈಡ್ರಾಲಿಕ್ ಡಯಾಮೀಟರ್ ಸೂತ್ರ ಹಾಕಿದ್ರೆ 8.3 ಸೆಂಟಿಮೀಟರ್ ಬರುತ್ತೆ. ಅಷ್ಟೇ ಏರಿಯಾ ಇರೋ ದುಂಡು ಪೈಪ್ ಆಗಿದ್ರೆ 12.6 ಸೆಂಟಿಮೀಟರ್. ಅಂದ್ರೆ ಅದೇ ವೇಗದಲ್ಲಿ ಹರಿದರೂ ಚಪ್ಪಟೆ ಡಕ್ಟ್‌ನಲ್ಲಿ ಘರ್ಷಣೆಯ ನಷ್ಟ ಸುಮಾರು ಒಂದೂವರೆ ಪಟ್ಟು. ಅದರ ಮೇಲೆ ತಿರುವುಗಳು. ಚೂಪಾದ 90 ಡಿಗ್ರಿ ತಿರುವಿಗೆ ಲಾಸ್ ಕೋಎಫಿಶಿಯೆಂಟ್ ಸುಮಾರು 1.2. ಫ್ರಿಕ್ಷನ್ ಫ್ಯಾಕ್ಟರ್ 0.025 ಅಂತ ತಗೊಂಡ್ರೆ ಇದೇ ಡಕ್ಟ್‌ನಲ್ಲಿ 4 ಮೀಟರ್ ನೇರ ದಾರಿಯ ನಷ್ಟವೂ ಅಷ್ಟೇ. ಒಂದೇ ಒಂದು ಮೂಲೆ, 4 ಮೀಟರ್ ಡಕ್ಟ್‌ಗೆ ಸಮ! ಇದಕ್ಕೆ ನಮ್ಮ ಪುಸ್ತಕದಲ್ಲಿ "ಮೈನರ್ ಲಾಸ್" ಅಂತ ಹೆಸರು. ಉದ್ದನೆಯ ಪೈಪ್‌ಲೈನ್‌ನಲ್ಲಿ ಅದು ಮೈನರ್ ಇರಬಹುದು, ಟ್ರೇಲರ್‌ನಲ್ಲಿ ಅದೇ ಮೇಜರ್.

ಮೂರನೇದು ವಾಪಸ್ ದಾರಿ. ರಾತ್ರಿ ಬೆಡ್‌ರೂಮ್ ಬಾಗಿಲು ಹಾಕಿಕೊಳ್ತೀವಿ. ಒಳಗೆ ಬಂದ ಗಾಳಿ ಹೊರಗೆ ಹೋಗೋಕೆ ಜಾಗ ಇಲ್ಲ ಅಂದ್ರೆ ರೂಮಿನ ಒತ್ತಡ ಸ್ವಲ್ಪ ಏರುತ್ತೆ, ಹೊಸ ಗಾಳಿ ಒಳಗೆ ಬರೋದು ಕಮ್ಮಿ ಆಗುತ್ತೆ. ತುಂಬಿದ ಬಸ್ಸಿಗೆ ಇಳಿಯೋರು ಇಳಿಯದೆ ಹತ್ತೋರು ಹತ್ತೋಕಾಗಲ್ಲ, ಇದೂ ಹಾಗೇ.

ಇದೆಲ್ಲ ಬರೀ ಪುಸ್ತಕದ ಮಾತಲ್ಲ. ಡಲ್ಲಾಸ್‌ನಲ್ಲಿರೋ ನನ್ನ ಅಕ್ಕ, ಭಾವ ಸೆಕೆಂಡ್ ಹ್ಯಾಂಡ್ ಟ್ರೇಲರ್ ಒಂದನ್ನ ಇಟ್ಟುಕೊಂಡಿದ್ದಾರೆ. ಬೆಡ್‌ರೂಮಲ್ಲಿ ಒಂದೇ ವೆಂಟ್. "ಏನಮ್ಮಾ ಇಂಜಿನಿಯರ್, ಹಾಲ್‌ನಲ್ಲಿ ಸ್ವೆಟರ್ ಬೇಕು, ಬೆಡ್‌ರೂಮಲ್ಲಿ ಬೀಸಣಿಗೆ ಬೇಕು. ನಿನ್ನ ಸಿಲಬಸ್‌ನಲ್ಲಿ ಇದಕ್ಕೇನಾದ್ರೂ ಇದೆಯಾ?" ಅಂತ ಭಾವ ಫೋನಲ್ಲಿ ಕೇಳಿದ್ರು. ಮೊದಲು ಅಳೆಯಿರಿ ಭಾವ ಅಂದೆ. ಅದಕ್ಕೆ ದುಬಾರಿ ಮೀಟರ್ ಬೇಕಿಲ್ಲ. ಸುಮಾರು 100 ಲೀಟರ್ ಹಿಡಿಯೋ ಕಸದ ಚೀಲವನ್ನ ಪೂರ್ತಿ ಚಪ್ಪಟೆ ಮಾಡಿ, ಬಾಯಿಯನ್ನ ವೆಂಟ್‌ಗೆ ಬಿಗಿಯಾಗಿ ಹಿಡಿದು, ಎಷ್ಟು ಸೆಕೆಂಡ್‌ನಲ್ಲಿ ತುಂಬುತ್ತೆ ನೋಡಿದ್ರೆ ಸಾಕು. ಅಂದಾಜು ಲೆಕ್ಕ ಸಿಗುತ್ತೆ.

8 ಸೆಕೆಂಡ್ ಬಂತು. ಅಂದ್ರೆ ಸೆಕೆಂಡಿಗೆ 12.5 ಲೀಟರ್. ವೆಂಟ್‌ನಿಂದ ಬರೋ ಗಾಳಿ ರೂಮಿನ ಗಾಳಿಗಿಂತ 10 ಡಿಗ್ರಿ ತಣ್ಣಗಿತ್ತು. ಗಾಳಿಯ ಸಾಂದ್ರತೆ, ಸ್ಪೆಸಿಫಿಕ್ ಹೀಟ್, ಈ 10 ಡಿಗ್ರಿ, ಮೂರರಿಂದಲೂ ಆ ಹರಿವನ್ನ ಗುಣಿಸಿದ್ರೆ ಬೆಡ್‌ರೂಮಿಗೆ ತಲುಪ್ತಿದ್ದ ತಂಪು ಸುಮಾರು 150 ವಾಟ್. ಮನುಷ್ಯ ಸುಮ್ಮನೆ ಮಲಗಿದ್ರೂ ಮೈಯಿಂದ 70-80 ವಾಟ್ ಶಾಖ ಹೊರಗೆ ಬರುತ್ತೆ. ಇಬ್ಬರು ಮಲಗಿದ್ರೆ ಅದೇ 150! ಅಂದ್ರೆ ಚಾವಣಿ ಮೇಲಿನ 4 ಕಿಲೋವಾಟ್ ಯಂತ್ರ ಬೆಡ್‌ರೂಮಿನ ಪಾಲಿಗೆ ಅಕ್ಕ, ಭಾವನ ಮೈಬಿಸಿಯನ್ನಷ್ಟೇ ತೆಗೀತಿತ್ತು. ಬಿಸಿಲಿಗೆ ಕಾದ ಚಾವಣಿ, ಗೋಡೆ, ಕಿಟಕಿಗೆ ಏನೂ ಉಳಿದಿರಲಿಲ್ಲ.

ಆಮೇಲೆ ಭಾವ ಮೇನ್ ಪವರ್ ಪೂರ್ತಿ ಆಫ್ ಮಾಡಿ, ಒಳಗಿನ ಕವರ್ ಬಿಚ್ಚಿ, ಪ್ಲೀನಮ್‌ನ ಸಂದಿಗಳಿಗೆಲ್ಲ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಚ್ಚಿದ್ರು. ಫಿಲ್ಟರ್ ತೊಳೆದ್ರು. ಮತ್ತೆ ಚೀಲ ಹಿಡಿದಾಗ 5 ಸೆಕೆಂಡ್. ಸೆಕೆಂಡಿಗೆ 20 ಲೀಟರ್, ಸುಮಾರು 240 ವಾಟ್. ಟೇಪ್‌ನಿಂದ ಬಂದ ಲಾಭ 90 ವಾಟ್.

ಇದೇ ಜಾಗದಲ್ಲಿ 15,000 ಬಿಟಿಯು ಎಸಿ ಹಾಕಿಸಿದ್ದರೆ? ಸಾಮರ್ಥ್ಯ ಜಾಸ್ತಿ ಆಗೋದು ಶೇಕಡಾ 11. ಗಾಳಿ ಹಂಚಿಕೆ ಹಾಗೇ ಇದ್ರೆ ಬೆಡ್‌ರೂಮಿಗೆ ಹೆಚ್ಚುವರಿಯಾಗಿ ಸಿಗೋದು 17 ವಾಟ್ ಅಷ್ಟೇ. ಒಂದು ಕಡೆ ಟೇಪ್, 90 ವಾಟ್. ಇನ್ನೊಂದು ಕಡೆ ಹೊಸ ಎಸಿ, 17 ವಾಟ್. ಯಾವುದು ಬುದ್ಧಿವಂತಿಕೆ ನೀವೇ ಹೇಳಿ.

"ಹಾಗಾದ್ರೆ ಬೆಡ್‌ರೂಮಿಗೇ ಎರಡನೇ ಎಸಿ ಹಾಕಿಸಿದ್ರಾಯ್ತು" ಅನ್ನೋರಿದ್ದಾರೆ. ದೊಡ್ಡ ಟ್ರೇಲರ್‌ಗೆ, ವಿಪರೀತ ಸೆಕೆಯ ಊರಿಗೆ ಅದು ಬೇಕಾಗಬಹುದು, ನಾನು ಒಪ್ತೀನಿ. ಆದರೆ ಕರೆಂಟ್‌ದೂ ಒಂದು ಲೆಕ್ಕ ಇದೆ. ಬಹಳಷ್ಟು ಟ್ರೇಲರ್‌ಗಳಿಗೆ ಇರೋದು 120 ವೋಲ್ಟ್, 30 ಆಂಪ್ ಕನೆಕ್ಷನ್. ಒಟ್ಟು 3,600 ವಾಟ್. ಒಂದು ಎಸಿ, ಜೊತೆಗೆ ಮೈಕ್ರೋವೇವ್ ಹಾಕಿದ್ರೇನೇ ಬ್ರೇಕರ್ ಬೀಳುವ ಹತ್ತಿರ ಬರುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ಇಲ್ಲಿ ಅಕ್ಷರಶಃ ನಿಜ. ಇನ್ನು ಕೆಲವರು ಹಾಲ್‌ನ ವೆಂಟ್‌ಗಳನ್ನೆಲ್ಲ ಮುಚ್ಚಿ ಗಾಳಿಯನ್ನ ಬೆಡ್‌ರೂಮಿಗೆ ತಳ್ಳೋಕೆ ನೋಡ್ತಾರೆ. ಒಂದೋ ಎರಡೋ ಮುಚ್ಚಿದ್ರೆ ಸರಿ. ಎಲ್ಲ ಮುಚ್ಚಿದ್ರೆ ಎಸಿ ಕಾಯಿಲ್ ಮೇಲೆ ಹಾಯೋ ಗಾಳಿಯೇ ಕಮ್ಮಿಯಾಗಿ, ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ಮಂಜುಗಡ್ಡೆ ಕಟ್ಟುತ್ತೆ. ಆಮೇಲೆ ಎಲ್ಲೂ ಗಾಳಿ ಇಲ್ಲ.

ಹಾಗಾಗಿ ಕ್ರಮ ಮುಖ್ಯ. ಮೊದಲು ಅಳತೆ. ಆಮೇಲೆ ಫಿಲ್ಟರ್, ಸೋರಿಕೆ. ಆಮೇಲೆ ಡಕ್ಟ್ ತುದಿಯಲ್ಲಿ ಮುರಿದು ಬಿದ್ದ ಫೋಮ್, ತಯಾರಿಕೆಯಲ್ಲಿ ಉಳಿದ ಚೂರುಗಳನ್ನ ತೆಗೆಯೋದು. ಆಮೇಲೆ ಬಾಗಿಲ ಕೆಳಗೆ ಒಂದಿಂಚು ಸಂದಿ ಅಥವಾ ಜಾಲರಿ. ಇಷ್ಟಾದ ಮೇಲೂ ಸಾಲದಿದ್ರೆ ಡಕ್ಟ್ ಒಳಗೆ ಚಿಕ್ಕ ಬೂಸ್ಟರ್ ಫ್ಯಾನ್. ಸೋರೋ ಡಕ್ಟ್‌ಗೆ ಮೊದಲೇ ಫ್ಯಾನ್ ಹಾಕಿದ್ರೆ ಸೋರಿಕೆಯೂ ಜೋರಾಗುತ್ತೆ. ಟೇಪ್ ಬಗ್ಗೆ ಒಂದು ಮಾತು: ಡಕ್ಟ್ ಟೇಪ್ ಅಂತ ಮಾರೋ ಬಟ್ಟೆ ಟೇಪ್ ಬೇಡ. 1998ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ನ್ಯಾಷನಲ್ ಲ್ಯಾಬೊರೇಟರಿಯ ಮ್ಯಾಕ್ಸ್ ಶೆರ್ಮನ್ ಮತ್ತು ಇಯಾನ್ ವಾಕರ್ ಬೇರೆ ಬೇರೆ ಸೀಲಿಂಗ್ ವಸ್ತುಗಳನ್ನ ಬಿಸಿ, ತಂಪಿಗೆ ಒಡ್ಡಿ ಪರೀಕ್ಷೆ ಮಾಡಿದಾಗ ಸೋತದ್ದು ಅದೇ ಡಕ್ಟ್ ಟೇಪ್. ಹೆಸರಲ್ಲಿ ಡಕ್ಟ್ ಇದ್ರೂ ಡಕ್ಟ್‌ಗೆ ಆಗಲ್ಲ!

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಟ್ರೇಲರ್ ಮಾರುವಾಗ ದೊಡ್ಡ ಅಕ್ಷರದಲ್ಲಿ ಹೇಳೋದು ಎಸಿಯ ಬಿಟಿಯು. ಕೊಳ್ಳೋರು ಹೋಲಿಸೋದೂ ಅದನ್ನೇ. ಬೆಡ್‌ರೂಮ್ ವೆಂಟ್‌ನಿಂದ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬರುತ್ತೆ ಅನ್ನೋದನ್ನೂ ಅದರ ಪಕ್ಕದಲ್ಲೇ ಬರೆಯಬೇಕು. ಕಂಪನಿಗಳ ಕಷ್ಟ ನನಗೂ ಅರ್ಥ ಆಗುತ್ತೆ. ಗಾಡಿ ಹಗುರ ಇರಬೇಕು, ಎತ್ತರ ಮಿತಿಯೊಳಗಿರಬೇಕು, ಬೆಲೆ ಕೈಗೆಟುಕಬೇಕು. ಡಕ್ಟ್‌ಗೆ ಉಳಿಯೋದು ಚಾವಣಿಯೊಳಗಿನ ನಾಲ್ಕು ಬೆರಳು ಜಾಗ. ಸರಿ. ಆದರೆ ಫ್ಯಾಕ್ಟರಿಯಿಂದ ಹೊರಡೋ ಮೊದಲು ಒಬ್ಬರು ಎರಡು ನಿಮಿಷ ನಿಂತು ಆ ತುದಿಯ ಗಾಳಿ ಅಳೆಯೋಕೆ ತೂಕವೂ ಹೆಚ್ಚಲ್ಲ, ಎತ್ತರವೂ ಹೆಚ್ಚಲ್ಲ. ಬರೆಯಲೇಬೇಕು ಅಂತಾದ್ರೆ ಟೇಪ್ ತಾನಾಗೇ ಸರಿಯಾಗಿ ಹತ್ತುತ್ತೆ. ಕಣ್ಣಿಗೆ ಕಾಣದ ಕೆಲಸ ಚೆನ್ನಾಗಿ ಆಗಬೇಕಂದ್ರೆ ಅದರ ಫಲಿತಾಂಶ ಕಣ್ಣಿಗೆ ಕಾಣಬೇಕು.

"ನಮ್ಮ ಕ್ಯಾಂಪಸ್‌ನಲ್ಲಿ ಯಾರ ಹತ್ರ ಟ್ರೇಲರ್ ಇದೆ?" ಅಂತ ಕೇಳ್ತೀರೇನೋ. ಇಲ್ಲ ನಿಜ. ಆದರೆ ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಎಷ್ಟೋ ಜನ ಇಂಥದ್ದನ್ನೇ ಡಿಸೈನ್ ಮಾಡೋ ಟೇಬಲ್ ಮುಂದೆ ಕೂತಿರ್ತೀವಿ. ಬಸ್ಸೋ, ಆಂಬುಲೆನ್ಸೋ, ಸರ್ವರ್ ರೂಮೋ, ಏನೋ ಒಂದು. "ನೆಗ್ಲೆಕ್ಟ್ ಮೈನರ್ ಲಾಸಸ್" ಅಂತ ಪ್ರಶ್ನೆಪತ್ರಿಕೆಯಲ್ಲಿ ಓದಿದ ತಕ್ಷಣ ನಮಗೆ ಖುಷಿ ಆಗುತ್ತೆ, ಒಂದು ಸ್ಟೆಪ್ ಕಮ್ಮಿ ಅಂತ. ಆ ಸ್ಟೆಪ್ ಬಿಟ್ಟಾಗ ಸೆಕೆಯಲ್ಲಿ ಮಲಗೋರು ಬೇರೆ ಯಾರೋ. ಲೆಕ್ಕ ಕಂಪ್ರೆಸರ್ ಹತ್ತಿರ ಶುರುವಾಗಲಿ, ಬೇಡ ಅನ್ನಲ್ಲ. ಆದರೆ ಅದು ಮುಗಿಯಬೇಕಾದ ಜಾಗ ದಿಂಬಿನ ಹತ್ತಿರ.